ತೀರ್ಪು ಬೇಡ, ಕಂಡದ್ದು ಹೇಳಿ: ಸ್ವಯಂಸೇವಕರ ಕೈಯಲ್ಲಿ ಸಲ್ಲಿಕೆಗಳ ಪರಿಶೀಲನೆ

ಓದುಗರೇ ಬರೆದು ಕಳಿಸುವ ಬರಹಗಳ ಸಂಗ್ರಹ ನಡೆಸುವವರಿಗೆ ಒಂದು ಹಂತದಲ್ಲಿ ಕೈ ಸಾಲದೇ ಹೋಗುತ್ತದೆ. ದಿನಕ್ಕೆ ಐದಾರು ಬರುವಷ್ಟು ಕಾಲ ಇಬ್ಬರು ಅಡ್ಮಿನ್‌ಗಳು ಬಿಡುವು ಮಾಡಿಕೊಂಡು ಓದಿ ಮುಗಿಸುತ್ತಾರೆ. ಅದೇ ಅರವತ್ತಕ್ಕೆ ಏರಿತೆಂದರೆ ಬಾಕಿ ಬೆಳೆಯುತ್ತದೆ, ತಿಂಗಳುಗಟ್ಟಲೆ ಕಾದವರು ‘ನನ್ನ ಬರಹ ಏನಾಯಿತು’ ಎಂದು ಕೇಳತೊಡಗುತ್ತಾರೆ. ಆಗ ಎಲ್ಲರಿಗೂ ಹೊಳೆಯುವ ದಾರಿ ಒಂದೇ: ಓದುಗರಲ್ಲೇ ಮನಸ್ಸಿರುವವರನ್ನು ಪರಿಶೀಲನೆಗೆ ಕರೆಯುವುದು.

ದಾರಿ ಸರಿಯಾದದ್ದೇ. ಕೆಡುವುದು ಮೊದಲ ಹೆಜ್ಜೆಯಲ್ಲಿ. ಬಂದವರ ಮುಂದೆ ಬರಹ ಇಟ್ಟು, ಕೆಳಗೆ ‘ಒಪ್ಪಿಗೆ’, ‘ತಿರಸ್ಕಾರ’ ಎಂಬ ಎರಡು ಬಟನ್ ಕೊಟ್ಟು ಕೂರಿಸುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಒಬ್ಬರು ಹತ್ತರಲ್ಲಿ ಒಂಬತ್ತನ್ನು ಒಪ್ಪುತ್ತಿರುತ್ತಾರೆ, ಇನ್ನೊಬ್ಬರು ಅರ್ಧಕ್ಕರ್ಧ ತಳ್ಳುತ್ತಿರುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಒಬ್ಬರು ‘ಇದರಿಂದ ಯಾರಿಗಾದರೂ ಕೇಡಿದೆಯೇ’ ಎಂದು ನೋಡಿದರು, ಇನ್ನೊಬ್ಬರು ‘ಇದು ಚೆನ್ನಾಗಿದೆಯೇ’ ಎಂದು ನೋಡಿದರು. ಕೊಟ್ಟ ಎರಡು ಬಟನ್‌ಗಳಲ್ಲಿ ಎರಡೂ ಪ್ರಶ್ನೆಗಳು ಕಲಸಿಹೋಗಿದ್ದವು.

ಆದ್ದರಿಂದ ಸ್ವಯಂಸೇವಕರಿಂದ ತೀರ್ಪು ಕೇಳಬಾರದು, ಅವರಿಗೆ ಕಂಡದ್ದನ್ನು ಕೇಳಬೇಕು. ತೀರ್ಪು ಆ ಉತ್ತರಗಳಿಂದ, ಮೊದಲೇ ಬರೆದಿಟ್ಟ ನಿಯಮದ ಪ್ರಕಾರ ಹೊರಡಬೇಕು.

ದೊಡ್ಡ ಸಮುದಾಯಗಳಲ್ಲಿ ಗಟ್ಟಿಯಾಗಿ ನಿಂತ ಪದ್ಧತಿಗಳನ್ನು ನೋಡಿದರೆ ಈ ಗುಣ ಎದ್ದು ಕಾಣುತ್ತದೆ. ಗಿಡ, ಹಕ್ಕಿ, ಕೀಟಗಳ ದಾಖಲೆ ಸೇರಿಸುವ ಐನ್ಯಾಚುರಲಿಸ್ಟ್‌ನಲ್ಲಿ ‘ಈ ದಾಖಲೆ ಒಳ್ಳೆಯದೇ’ ಎಂದು ಯಾರನ್ನೂ ಕೇಳುವುದಿಲ್ಲ. ದಿನಾಂಕ ಸರಿಯೇ, ಸ್ಥಳ ಸರಿಯೇ, ಜೀವಿ ಕಾಡಿನದೋ ಸಾಕಿದ್ದೋ ಎಂದು ಬಿಡಿಬಿಡಿಯಾಗಿ ಕೇಳುತ್ತಾರೆ. ಅದು ಯಾವ ಜೀವಜಾತಿ ಎಂಬ ಗುರುತಿಗೆ, ಗುರುತು ಹೇಳಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನರ ಸಹಮತ ಬೇಕು. ಜರ್ಮನ್ ವಿಕಿಪೀಡಿಯಾದಲ್ಲಿ 2008ರ ಮೇ ತಿಂಗಳಿಂದ ಹೊಸಬರ ತಿದ್ದುಪಡಿಗಳನ್ನು ಅನುಭವಿಗಳು ನೋಡಿ ಗುರುತು ಹಾಕುತ್ತಾರೆ. ಎದ್ದು ಕಾಣುವ ಕಿಡಿಗೇಡಿತನ ಇಲ್ಲ ಎಂಬುದಷ್ಟೇ ಆ ಗುರುತಿನ ಅರ್ಥ, ಬರೆದದ್ದು ನಿಜ ಎಂದಲ್ಲ. 1991ರಲ್ಲಿ ಶುರುವಾದ ಆರ್ಕೈವ್ ಎಂಬ ವೈಜ್ಞಾನಿಕ ಪ್ರಬಂಧಗಳ ಭಂಡಾರದಲ್ಲೂ ವಿಷಯ ತಜ್ಞರು ಸ್ವಯಂಸೇವಕರಾಗಿ ಸಲ್ಲಿಕೆಗಳನ್ನು ನೋಡುತ್ತಾರೆ. ಪ್ರಬಂಧ ಆ ವಿಭಾಗಕ್ಕೆ ಸೇರಿದ್ದೇ, ವಿದ್ವತ್ತಿನ ಬರಹವೇ ಎಂದು ನೋಡುವುದೇ ಮುಖ್ಯವಾಗಿ ಅವರ ಕೆಲಸ.

ತಾವು ಮಾಡಿ ನೋಡಿದ್ದನ್ನು ಓದುಗರು ಹೇಳುವ ಅನುಭವ ಬರಹಗಳಿಗೆ ನಾವು ಬಳಸುವ ಫಾರಂನಲ್ಲಿ ಆರು ಪ್ರಶ್ನೆಗಳಿವೆ.

ವಿಷಯ ಈ ಸಂಗ್ರಹಕ್ಕೆ ಸೇರಿದ್ದೇ?
ಯಾರದಾದರೂ ಫೋನ್ ನಂಬರ್, ವಿಳಾಸ, ಗುರುತು ಹತ್ತುವ ಹೆಸರು ಅಥವಾ ಫೋಟೊ ಇದೆಯೇ? ಇದ್ದರೆ ಯಾವ ಪ್ಯಾರಾದಲ್ಲಿ?
ನಂಬಿ ಹಾಗೆಯೇ ಮಾಡಿದರೆ ಓದಿದವರಿಗೆ ಪೆಟ್ಟಾಗುವ ಸಲಹೆ ಇದೆಯೇ? ಯಾವ ಸಾಲು?
ಬೇರೆಡೆಯಿಂದ ಎತ್ತಿದಂತೆ ಕಾಣುವ ಭಾಗವಿದೆಯೇ?
ಏನನ್ನಾದರೂ ಮಾರಲು ಬರೆದದ್ದೇ?
ಬಳಕೆಗೆ ಬರುವ ವಿವರ, ಅಂದರೆ ಅಳತೆ, ಕ್ರಮ, ಹಿಡಿದ ಸಮಯ, ಆದ ಫಲ ಎಷ್ಟಿದೆ? ಇಲ್ಲ, ಸ್ವಲ್ಪ, ಸಾಕಷ್ಟು, ತುಂಬ.

ಕೊನೆಯ ಪ್ರಶ್ನೆಗೆ ಐದು ಮೆಟ್ಟಿಲು ಇಡಬಾರದು. ನಡುವೆ ಒಂದು ಮೆಟ್ಟಿಲು ಸಿಕ್ಕರೆ ಅನುಮಾನ ಬಂದವರೆಲ್ಲ ಅಲ್ಲೇ ಕೂರುತ್ತಾರೆ. ನಾಲ್ಕಿಟ್ಟರೆ ಯಾವುದಾದರೂ ಒಂದು ಕಡೆಗೆ ವಾಲಲೇಬೇಕು. ಯಾವ ಉತ್ತರವನ್ನೂ ಮೊದಲೇ ಆರಿಸಿ ಇಡಬಾರದು. ‘ಗೊತ್ತಾಗಲಿಲ್ಲ’ ಎಂಬ ಉತ್ತರ ಎರಡನೇ ಪ್ರಶ್ನೆಯಿಂದ ಐದನೆಯದರವರೆಗೆ ಇರಲೇಬೇಕು. ಅದಿಲ್ಲದ ಕಡೆ ಜನ ಊಹೆ ಮಾಡುತ್ತಾರೆ, ಊಹೆ ಉತ್ತರದ ವೇಷದಲ್ಲಿ ಬಂದು ಕೂರುತ್ತದೆ. ಆರಕ್ಕಿಂತ ಹೆಚ್ಚು ಪ್ರಶ್ನೆ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಹನ್ನೆರಡು ಇಟ್ಟರೆ ಕೊನೆಯ ನಾಲ್ಕಕ್ಕೆ ಕಣ್ಣು ಮುಚ್ಚಿ ಒತ್ತುತ್ತಾರೆ ಎಂದು ತಿಳಿದೇ ಸೇರಿಸಬೇಕು.

ಜಾಗ ತೋರಿಸಿ ಎಂದು ಕೇಳುವುದರಲ್ಲಿ ಎಷ್ಟು ಲಾಭವಿದೆ ಎಂಬುದಕ್ಕೆ ಒಂದು ಸಲ್ಲಿಕೆಯ ಹಿಂದೆಯೇ ಹೋಗಿ ನೋಡೋಣ. ಸ್ನಾನದ ಮನೆಯ ಟೈಲ್ಸ್ ಕಲೆ ತೆಗೆದ ಬಗ್ಗೆ 640 ಪದಗಳ ಬರಹ. ಯಾವ ಬ್ರಷ್, ಎಷ್ಟು ನೀರು, ಎಷ್ಟು ಹೊತ್ತು ನೆನೆಯಲು ಬಿಡಬೇಕು, ಎಲ್ಲ ಇದೆ. ನಾಲ್ಕನೇ ಪ್ಯಾರಾದಲ್ಲಿ ‘ಇನ್ನೂ ಜೋರು ಬೇಕಿದ್ದರೆ ಬ್ಲೀಚಿಗೆ ಸ್ವಲ್ಪ ಆ್ಯಸಿಡ್ ಬೆರೆಸಿ’ ಎಂಬ ಸಾಲು. ಆರನೆಯದರಲ್ಲಿ ಟೈಲ್ಸ್ ಕೆಲಸದವರೊಬ್ಬರ ಫೋನ್ ನಂಬರ್. ಮೊದಲ ಪರಿಶೀಲಕರು ನಂಬರ್ ಹಿಡಿದರು, ವಿವರಕ್ಕೆ ‘ತುಂಬ’ ಎಂದರು, ಪೆಟ್ಟಾಗುವ ಸಲಹೆ ಇಲ್ಲ ಎಂದರು. ಎರಡನೆಯವರು ನಂಬರನ್ನೂ ಹಿಡಿದರು, ನಾಲ್ಕನೇ ಪ್ಯಾರಾದ ಆ ಸಾಲನ್ನೂ ಎತ್ತಿ ತೋರಿಸಿದರು. ನಂಬರಿನ ವಿಷಯದಲ್ಲಿ ಇಬ್ಬರದೂ ಒಂದೇ ಮಾತು, ಅಲ್ಲಿಗೆ ಮುಗಿಯಿತು. ಭಿನ್ನವಾದದ್ದು ಒಂದೇ ಪ್ರಶ್ನೆಯಲ್ಲಿ. ಮೂರನೆಯವರ ಮುಂದೆ ಇಡೀ ಬರಹ ಹೋಗಲಿಲ್ಲ, ಆ ಪ್ಯಾರಾ ಮತ್ತು ಆ ಒಂದು ಪ್ರಶ್ನೆ ಹೋಯಿತು. ಬ್ಲೀಚ್ ಮತ್ತು ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಗಾಳಿಯಾಡದ ಸ್ನಾನದ ಮನೆಯಲ್ಲಿ ಅದು ಜೀವಕ್ಕೇ ಕುತ್ತು. ಒಂದು ನಿಮಿಷದಲ್ಲಿ ಕೆಲಸವಾಯಿತು. ಬರಹ ಲೇಖಕರಿಗೆ ಮರಳಿತು, ಎರಡು ಜಾಗ ತೋರಿಸಿ, ಉಳಿದದ್ದು ಹಾಗೇ ಇರಲಿ ಎಂಬ ಮಾತಿನೊಂದಿಗೆ. ಎರಡು ಬಟನ್‌ಗಳ ಪದ್ಧತಿಯಲ್ಲಿ ಇದೇ ಬರಹಕ್ಕೆ ಒಂದು ಒಪ್ಪಿಗೆ, ಒಂದು ತಿರಸ್ಕಾರ ಬಿದ್ದಿರುತ್ತಿತ್ತು. ಏಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಇದೇ ಉದಾಹರಣೆಯಲ್ಲಿ ಇನ್ನೊಂದು ನಿಯಮವೂ ಇದೆ. ಬಹುಮತ ಎಲ್ಲ ಪ್ರಶ್ನೆಗೂ ಸಲ್ಲುವುದಿಲ್ಲ. ವಿವರ ಎಷ್ಟಿದೆ ಎಂಬುದಕ್ಕೆ ಸರಾಸರಿ ಸಾಕು. ವಿಷಯಕ್ಕೆ ಸೇರಿದ್ದೇ ಎಂಬುದಕ್ಕೆ ಇಬ್ಬರಲ್ಲಿ ಒಮ್ಮತ, ಇಲ್ಲವೆಂದರೆ ಮೂವರಲ್ಲಿ ಇಬ್ಬರು. ಆದರೆ ಪೆಟ್ಟು ಮತ್ತು ಖಾಸಗಿ ಗುರುತಿನ ಪ್ರಶ್ನೆಗಳಲ್ಲಿ ಒಬ್ಬರು ‘ಇದೆ’ ಎಂದರೂ ಬರಹ ನಿಲ್ಲಬೇಕು. ಐವರು ಗಮನಿಸದೆ ದಾಟಿದ ಸಾಲನ್ನು ಆರನೆಯವರು ಕಂಡರೆ, ಐವರ ಮತ ಆ ಸಾಲನ್ನು ಅಳಿಸುವುದಿಲ್ಲ.

ಇನ್ನು ಎಷ್ಟು ಜನ ಬೇಕು ಎಂಬ ಲೆಕ್ಕ. ಇದನ್ನು ಮಾಡದೆ ಶುರು ಮಾಡಿದವರೇ ಹೆಚ್ಚು, ಮೂರನೇ ತಿಂಗಳಿಗೆ ಕೈಚೆಲ್ಲುವವರೂ ಅವರೇ. ದಿನಕ್ಕೆ 60 ಸಲ್ಲಿಕೆ, ಪ್ರತಿಯೊಂದಕ್ಕೂ ಇಬ್ಬರು ಎಂದರೆ 120 ಓದು. ಐದರಲ್ಲಿ ಒಂದು ಮೂರನೆಯವರಿಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ, ಇನ್ನು 12. ಪರಿಶೀಲಕರ ಪರೀಕ್ಷೆಗೆಂದು ನಡುನಡುವೆ ಸೇರಿಸುವ, ಉತ್ತರ ಮೊದಲೇ ಗೊತ್ತಿರುವ ಬರಹಗಳು ಇಪ್ಪತ್ತಕ್ಕೊಂದರಂತೆ ಸುಮಾರು 7. ಒಟ್ಟು 139. ಒಂದಕ್ಕೆ 4 ನಿಮಿಷ ಹಿಡಿದರೆ 556 ನಿಮಿಷ, ಅಂದರೆ ಒಂಬತ್ತು ಗಂಟೆಗೂ ಮೇಲೆ. ಒಬ್ಬ ಸ್ವಯಂಸೇವಕರು ದಿನಕ್ಕೆ 15 ನಿಮಿಷ ಕೊಟ್ಟರೆ ದಿನವೂ ಸುಮಾರು 37 ಜನ ಬೇಕು. ಹೆಸರು ಕೊಟ್ಟವರಲ್ಲಿ ಯಾವ ದಿನ ನೋಡಿದರೂ ಅರ್ಧದಷ್ಟು ಜನ ಮಾತ್ರ ಬರುತ್ತಾರೆ ಎಂದು ಹಿಡಿದರೆ ಪಟ್ಟಿಯಲ್ಲಿ ಸುಮಾರು 75 ಹೆಸರಿರಬೇಕು. ಅಷ್ಟು ಜನ ಇಲ್ಲವೆಂದಾದರೆ ತಗ್ಗಿಸಬೇಕಾದದ್ದು ಓದಿನ ನಿಗಾವನ್ನಲ್ಲ, ಓದುಗಳ ಸಂಖ್ಯೆಯನ್ನು. ಹತ್ತು ಬರಹ ತೊಂದರೆಯಿಲ್ಲದೆ ದಾಟಿಸಿದ ಲೇಖಕರ ಮುಂದಿನ ಬರಹಕ್ಕೆ ಒಬ್ಬರೇ ಸಾಕು ಎಂದು ಮಾಡಬಹುದು. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋದಲ್ಲಿ ಒಂದು ಪ್ರಶ್ನೆಯನ್ನು ಮುಚ್ಚಲು ಮೊದಲು ಐದು ಮತ ಬೇಕಿತ್ತು. ಮತ ಸಾಲದೆ ಬಾಕಿ ಬೀಳುವುದು ಹೆಚ್ಚಿದ ಮೇಲೆ ಅದನ್ನು ಮೂರಕ್ಕೆ ಇಳಿಸಿದರು.

ಸ್ವಯಂಸೇವಕರ ಕಣ್ಣಿಗೆ ಬೀಳುವ ಮೊದಲು ಯಂತ್ರದ ಜರಡಿ ಒಂದಿರಬೇಕು. ಹತ್ತಾರು ಲಿಂಕ್ ತುಂಬಿದ್ದು, ಆಗಲೇ ಒಮ್ಮೆ ಬಂದು ಹೋದದ್ದರ ನಕಲು, ಐವತ್ತು ಪದಕ್ಕಿಂತ ಚಿಕ್ಕದ್ದು ಇಲ್ಲೇ ನಿಲ್ಲಲಿ. ಬರೆದವರ ಹೆಸರು, ಇಮೇಲ್, ಐಪಿ ವಿಳಾಸ ಪರಿಶೀಲಕರಿಗೆ ಕಾಣಬಾರದು. ಫೋಟೊ ಬಂದಿದ್ದರೆ ಅದರೊಳಗೆ ಅಡಗಿರುವ ಜಿಪಿಎಸ್ ಮಾಹಿತಿಯನ್ನು ತೆಗೆದ ಪ್ರತಿ ಮಾತ್ರ ಮುಂದೆ ಹೋಗಬೇಕು. ಇದನ್ನು ಮರೆಯುವುದು ಬಹಳ ಸುಲಭ: ಬರಹದಲ್ಲಿ ಊರಿನ ಹೆಸರನ್ನು ಮರೆಮಾಡಿರುತ್ತಾರೆ, ಮೊಬೈಲಿನಲ್ಲಿ ತೆಗೆದ ಚಿತ್ರ ಮನೆಯ ಜಾಗವನ್ನೇ ಹೇಳುತ್ತಿರುತ್ತದೆ.

ಸರದಿಯನ್ನು ಹೇಗೆ ಜೋಡಿಸಬೇಕು ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ, ಅಲ್ಲ. ಹಳೆಯದು ಮೊದಲು ಎಂಬ ಕ್ರಮ ನ್ಯಾಯವಾಗಿ ತೋರುತ್ತದೆ. ಆದರೆ ಎಲ್ಲರೂ ಬಿಟ್ಟು ಮುಂದೆ ಹೋದ ಕಷ್ಟದ ಬರಹಗಳೇ ಸರದಿಯ ತಲೆಯಲ್ಲಿ ಗುಡ್ಡೆ ಬೀಳುತ್ತವೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಸಿಗುವುದು ಅವೇ, ಎರಡನೇ ದಿನ ಅವರು ಬರುವುದಿಲ್ಲ. ಹತ್ತರಲ್ಲಿ ಏಳು ಹಳೆಯದರಿಂದ, ಮೂರು ಹೊಸದರಿಂದ ಕೊಡುವುದು ಒಳ್ಳೆಯದು. ‘ಬಿಟ್ಟು ಮುಂದೆ’ ಎಂಬ ಬಟನ್ ಇರಲಿ, ಕಾರಣ ಕೇಳಬೇಡಿ. ನಾಲ್ವರು ಬಿಟ್ಟ ಬರಹ ತಾನಾಗಿ ಅಡ್ಮಿನ್ ಬಳಿ ಹೋಗಲಿ. ನಾಲ್ಕು ಜನ ಮುಟ್ಟದೆ ಬಿಟ್ಟರೆಂದರೆ ಅದರಲ್ಲಿ ಏನೋ ಇದೆ, ಅದೂ ಒಂದು ಉತ್ತರವೇ. ಯಾರಾದರೂ ತೆರೆದ ಬರಹ 30 ನಿಮಿಷ ಅವರ ಹೆಸರಲ್ಲೇ ಇರಬೇಕು, ಆಮೇಲೆ ಸರದಿಗೆ ಮರಳಬೇಕು. ಈ ಬೀಗ ಇಲ್ಲದಿದ್ದರೆ ಒಂದನ್ನೇ ನಾಲ್ವರು ಓದುತ್ತಾರೆ, ಪಕ್ಕದ್ದನ್ನು ಯಾರೂ ಓದುವುದಿಲ್ಲ. ಮೊದಲಿನವರು ಏನೆಂದರು ಎಂಬುದು ಎರಡನೆಯವರಿಗೆ ತಾವು ಉತ್ತರ ಕಳಿಸುವವರೆಗೂ ಕಾಣಬಾರದು. ಕಂಡರೆ ಎರಡನೆಯ ಓದು ಮೊದಲನೆಯದರ ಪ್ರತಿಧ್ವನಿಯಾಗುತ್ತದೆ, ಎರಡು ಓದಿನ ಶ್ರಮ ಹಾಕಿ ಒಂದರ ಫಲ ಪಡೆದಂತೆ.

ತಮಗೆ ಸಂಬಂಧವಿರುವ ಬರಹ ಬಂದರೆ ಪರಿಶೀಲಕರು ಹಿಂದೆ ಸರಿಯಬೇಕು. ತಂತ್ರಜ್ಞಾನದ ಸುದ್ದಿ ಮತ್ತು ಚರ್ಚೆಯ ತಾಣವಾದ ಸ್ಲ್ಯಾಶ್‌ಡಾಟ್ ಇದಕ್ಕೆ ಹಿಂದೆಯೇ ಒಳ್ಳೆಯ ದಾರಿ ಹಾಕಿತ್ತು. ಓದುಗರಲ್ಲಿ ಕೆಲವರಿಗೆ, ಬೇರೆಯವರ ಪ್ರತಿಕ್ರಿಯೆಗಳಿಗೆ ಹಾಕಲು ಐದು ಅಂಕಗಳನ್ನು ಕೊಡುತ್ತಿದ್ದರು, ಮೂರು ದಿನದಲ್ಲಿ ಬಳಸದಿದ್ದರೆ ಹೋಯಿತು, ತಾವು ಮಾತಾಡಿದ ಚರ್ಚೆಯಲ್ಲಿ ಅಂಕ ಹಾಕುವಂತಿಲ್ಲ. 1999ರಲ್ಲಿ, ಹಾಕಿದ ಅಂಕ ನ್ಯಾಯವಾಗಿತ್ತೇ ಎಂದು ಬೇರೆ ಓದುಗರು ನೋಡುವ ಎರಡನೇ ಹಂತವನ್ನೂ ಸೇರಿಸಿದರು. ಅಧಿಕಾರ ಚಿಕ್ಕದು, ಅವಧಿ ಚಿಕ್ಕದು, ಮೇಲೊಂದು ಕಣ್ಣು. ಆ ಮೂರೂ ಇವತ್ತಿಗೂ ಎರವಲು ಪಡೆಯಲು ಯೋಗ್ಯ.

ಹೊಸಬರ ತರಬೇತಿಗೆ ದೊಡ್ಡ ಕೈಪಿಡಿ ಬರೆಯುವುದು ವ್ಯರ್ಥ, ಓದುವವರಿಲ್ಲ. 20 ಮಾದರಿ ಬರಹ ಇಟ್ಟುಕೊಳ್ಳಿ: 8 ಸಲೀಸಾಗಿ ದಾಟುವಂಥವು, 6 ಎದ್ದು ಕಾಣುವ ದೋಷ ಇರುವಂಥವು, 6 ಅನುಭವಿಗಳೂ ತಡವರಿಸುವಂಥವು. ಪ್ರತಿ ಉತ್ತರದ ಕೂಡಲೇ ಸರಿ ಉತ್ತರ, ಎರಡು ಸಾಲಿನ ಕಾರಣ ಕಾಣಬೇಕು. ಕಾರಣದಲ್ಲಿ ನಿಯಮದ ನಂಬರ್ ಬೇಡ, ಬರಹದ ಸಾಲನ್ನೇ ತೋರಿಸಿ. ಆಮೇಲಿನ 30 ನಿಜವಾದ ಸಲ್ಲಿಕೆಗಳಲ್ಲಿ ಅವರ ಉತ್ತರ ದಾಖಲಾಗಲಿ, ಎಣಿಕೆಗೆ ಬೇಡ. ಆ ಮೂವತ್ತರಲ್ಲಿ ಪೆಟ್ಟು ಮತ್ತು ಖಾಸಗಿ ಗುರುತಿನ ಪ್ರಶ್ನೆಗಳಲ್ಲಿ ಏನನ್ನು ತಪ್ಪಿಸಿಕೊಂಡರು ಎಂಬುದನ್ನು ಮಾತ್ರ ನೋಡಿ. ವಿವರದ ಪ್ರಶ್ನೆಯಲ್ಲಿ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಇರುವುದು ದೋಷವಲ್ಲ, ಸ್ವಭಾವ. ‘ಇಲ್ಲ’ಕ್ಕೆ 1ರಿಂದ ‘ತುಂಬ’ಕ್ಕೆ 4ರವರೆಗೆ ಅಂಕ ಎಂದಿಟ್ಟುಕೊಂಡು, ಒಬ್ಬರ ಸರಾಸರಿ 3.1, ಇನ್ನೊಬ್ಬರದು 2.2 ಇದ್ದರೆ, ಅವರು ಕೊಟ್ಟ ಅಂಕದಿಂದ ಅವರವರ ಸರಾಸರಿ ಕಳೆದು ಹೋಲಿಸಿದರೆ ಆಯಿತು. ಬಿಗಿಯಾದವರು ಕೊಟ್ಟ 3 ಸಡಿಲವಾದವರ 3ಕ್ಕಿಂತ ದೊಡ್ಡದು.

ಪರಿಶೀಲಕರ ನಡುವಿನ ಒಮ್ಮತದ ಶೇಕಡಾವಾರು ನೋಡಿ ಸಮಾಧಾನಪಡುವುದು ಬಹಳ ಜನ ಮಾಡುವ ತಪ್ಪು. ‘ಇಬ್ಬರು ಪರಿಶೀಲಕರು ನೂರಕ್ಕೆ 88ರಲ್ಲಿ ಒಂದೇ ಉತ್ತರ ಕೊಟ್ಟಿದ್ದಾರೆ’ ಎಂದರೆ ಕೇಳಲು ಚೆಂದ. ಆದರೆ ಇಬ್ಬರೂ ನೂರಕ್ಕೆ 90ಕ್ಕೆ ‘ಸರಿ’ ಎನ್ನುವವರಾದರೆ, ಓದದೆ ಕಣ್ಣು ಮುಚ್ಚಿ ಒತ್ತಿದರೂ 0.9 ಗುಣಿಸು 0.9, ಜೊತೆಗೆ 0.1 ಗುಣಿಸು 0.1, ಒಟ್ಟು ನೂರಕ್ಕೆ 82ರಲ್ಲಿ ಒಂದೇ ಉತ್ತರ ಬರುತ್ತದೆ. ಆಕಸ್ಮಿಕದ ಮೇಲೆ ಅವರು ಗಳಿಸಿದ್ದು 88ರಲ್ಲಿ 82 ಕಳೆದು 6, ಗಳಿಸಬಹುದಾಗಿದ್ದದ್ದು 100ರಲ್ಲಿ 82 ಕಳೆದು 18. ಮನೋವಿಜ್ಞಾನಿ ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಳತೆ ಇದೇ: 6 ಭಾಗಿಸು 18, ಅಂದರೆ 0.33. 88 ಎಂಬ ಸಂಖ್ಯೆ ಮುಚ್ಚಿಟ್ಟದ್ದನ್ನು 0.33 ಬಿಚ್ಚಿಡುತ್ತದೆ. ಪ್ರತಿ ಪ್ರಶ್ನೆಗೂ ಇದನ್ನು ಬೇರೆಬೇರೆ ಲೆಕ್ಕ ಹಾಕಬೇಕು. ಯಾವ ಪ್ರಶ್ನೆಯ ಕಪ್ಪಾ ತೀರ ಕೆಳಗಿದೆಯೋ ಅಲ್ಲಿ ಜನರನ್ನು ದೂರುವ ಮೊದಲು ಪ್ರಶ್ನೆಯ ವಾಕ್ಯವನ್ನು ತಿದ್ದಿ ನೋಡಿ. ‘ಬರಹ ಸೂಕ್ತವೇ’ ಎಂಬ ಪ್ರಶ್ನೆಯನ್ನು ತೆಗೆದು ‘ಏನನ್ನಾದರೂ ಮಾರಲು ಬರೆದದ್ದೇ’ ಎಂದು ಕೇಳಿದ ಕೂಡಲೇ ಅದೇ ಜನ ಒಂದೇ ದನಿಯಲ್ಲಿ ಮಾತಾಡತೊಡಗುತ್ತಾರೆ.

ಓದದೆ ಒತ್ತುವವರು ಎಲ್ಲ ಕಡೆಯೂ ಇರುತ್ತಾರೆ. ಅವರನ್ನು ಹುಟ್ಟಿಸುವುದು ಬಹುಮಟ್ಟಿಗೆ ನಡೆಸುವವರೇ. ಎಷ್ಟು ಪರಿಶೀಲಿಸಿದಿರಿ ಎಂಬುದಕ್ಕೆ ಪದಕ, ಮೊದಲ ಹತ್ತು ಜನರ ಪಟ್ಟಿ ಇಟ್ಟರೆ ಎಣಿಕೆ ಏರುತ್ತದೆ, ಓದು ಇಳಿಯುತ್ತದೆ. ಸ್ಟಾಕ್ ಓವರ್‌ಫ್ಲೋದಲ್ಲಿ ಪರಿಶೀಲನೆಯ ಎಣಿಕೆಗೆ ಪದಕಗಳಿವೆ, ಓದದೆ ಒತ್ತುವವರ ಬಗ್ಗೆ ದೂರು ಅಲ್ಲಿ ಬಹಳ ಹಳೆಯದು. ಅದಕ್ಕೇ ಅಲ್ಲಿ ಉತ್ತರ ಮೊದಲೇ ಗೊತ್ತಿರುವ ಬರಹಗಳನ್ನು ಸರದಿಯೊಳಗೆ ಸೇರಿಸುತ್ತಾರೆ. ಪದೇಪದೇ ತಪ್ಪಿದವರಿಗೆ ಕೆಲವು ದಿನ ಪರಿಶೀಲನೆ ಬಂದ್. ಉತ್ತರ ಗೊತ್ತಿರುವ ಇಂಥ ಬರಹಗಳನ್ನು ನಾವು ಒರೆಗಲ್ಲು ಬರಹ ಎನ್ನುತ್ತೇವೆ. ಇಪ್ಪತ್ತಕ್ಕೊಂದು ಸಾಕು. ಆದರೆ ಮೂರು ಎಚ್ಚರ ಬೇಕು. ಒಂದು, ಅದು ಬೇರೆಯವುಗಳಂತೆಯೇ ಕಾಣಬೇಕು. ದಿನಾಂಕ ಹಳೆಯದಿದ್ದರೆ, ಲಿಂಕ್ ತೆರೆಯದಿದ್ದರೆ ಜಾಣರು ಒಂದೇ ವಾರದಲ್ಲಿ ಗುರುತು ಹಿಡಿಯುತ್ತಾರೆ. ಎರಡು, ನಿಮ್ಮಲ್ಲೇ ಮೂವರು ಅನುಭವಿಗಳ ಉತ್ತರ ಒಂದೇ ಆಗದ ಬರಹವನ್ನು ಒರೆಗಲ್ಲಾಗಿ ಇಡಬೇಡಿ. ನಿಷ್ಠೆಯಿಂದ ಓದಿದವರನ್ನು ತಪ್ಪಿತಸ್ಥರನ್ನಾಗಿ ಮಾಡಿದರೆ ಅವರು ಹೇಳದೆಕೇಳದೆ ಹೊರಟುಹೋಗುತ್ತಾರೆ. ಮೂರು, ತಪ್ಪಿದ ಮೇಲೆ ತೋರಿಸುವ ಮಾತಿನಲ್ಲಿ ಗದರಿಕೆ ಬೇಡ, ತಪ್ಪಿಹೋದ ಸಾಲು ಇರಲಿ. ವೇಗದಿಂದಲೂ ಸುಳಿವು ಸಿಗುತ್ತದೆ: 800 ಪದದ ಬರಹಕ್ಕೆ 8 ಸೆಕೆಂಡಿನಲ್ಲಿ ಆರೂ ಉತ್ತರ ಬಂದರೆ ಆ ಉತ್ತರವನ್ನು ಸುಮ್ಮನೆ ಬದಿಗಿಟ್ಟು ಇನ್ನೊಬ್ಬರಿಗೆ ಕಳಿಸಿ.

ಎಲ್ಲವೂ ಸ್ವಯಂಸೇವಕರ ಮುಂದೆ ಬರತಕ್ಕದ್ದಲ್ಲ. ಮಕ್ಕಳ ಲೈಂಗಿಕ ಶೋಷಣೆಯ ಶಂಕೆಯಿರುವ ಯಾವುದೂ ಅವರ ಸರದಿಗೆ ಬರಬಾರದು. ಅಪ್ಪಿತಪ್ಪಿ ಬಂದರೆ ಕೂಡಲೇ ಮರೆಮಾಡುವ ಕೆಂಪು ಬಟನ್ ಪ್ರತಿ ಪುಟದಲ್ಲೂ ಇರಬೇಕು, ಅದು ಕಾನೂನಿನ ಹೊಣೆ ಹೊತ್ತವರ ಬಳಿ ನೇರ ಹೋಗಬೇಕು. ಬರೆದವರೇ ತಮ್ಮ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸೂಚನೆ ಕಂಡರೂ ಅದೇ ಬಟನ್. ಇಲ್ಲಿ ಎರಡನೇ ಓದಿಗೆ ಕಾಯುವ ಮಾತೇ ಇಲ್ಲ. ಗಾಯ, ರಕ್ತ, ಹಿಂಸೆಯ ಚಿತ್ರಗಳು ಮಸುಕಾಗಿ, ಕಪ್ಪುಬಿಳುಪಿನಲ್ಲಿ ತೆರೆಯಲಿ, ಒತ್ತಿದರೆ ಮಾತ್ರ ಸ್ಪಷ್ಟವಾಗಲಿ. ನೋವಿನ ವಿಷಯಗಳನ್ನು ಓದಲು ಒಪ್ಪಿದವರ ಪಟ್ಟಿ ಬೇರೆ ಇರಲಿ, ಆ ಪಟ್ಟಿಯಿಂದ ಯಾವ ದಿನ ಬೇಕಾದರೂ ಯಾರನ್ನೂ ಕೇಳದೆ ಹೊರಬರುವಂತಿರಲಿ. ಹಣ ಕೇಳದೆ ಸಮಯ ಕೊಡಲು ಬಂದವರ ನಿದ್ದೆ ಕೆಡಿಸುವ ಹಕ್ಕು ಯಾವ ಸಂಗ್ರಹಕ್ಕೂ ಇಲ್ಲ.

ಯಂತ್ರ ಬರೆದ ಬರಹಗಳ ಪ್ರವಾಹ ಈಗಿನ ದೊಡ್ಡ ತಲೆನೋವು. ‘ಇದು ಎಐ ಬರೆದದ್ದೇ’ ಎಂದು ಪರಿಶೀಲಕರನ್ನು ಕೇಳಿದರೆ, ಅಚ್ಚುಕಟ್ಟಾಗಿ ಬರೆಯುವ ಮನುಷ್ಯರೂ ಬಲಿಯಾಗುತ್ತಾರೆ, ಭಾಷೆಯನ್ನು ಕಲಿತು ಬರೆಯುವವರಂತೂ ಮೊದಲು. ಆರನೇ ಪ್ರಶ್ನೆಯೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಅಳತೆ ಇಲ್ಲ, ಕೆಟ್ಟುಹೋದದ್ದು ಇಲ್ಲ, ಮಾಡಿ ನೋಡಿದವರಿಗೆ ಮಾತ್ರ ತಿಳಿಯುವ ಒಂದು ಸಾಲೂ ಇಲ್ಲ ಎಂದರೆ, ಯಾರು ಬರೆದರೂ ಅದು ದಾಟುವುದಿಲ್ಲ. ಒಬ್ಬರಿಂದಲೇ ಒಂದು ದಿನ ಹತ್ತು ಬಂದರೆ ಜರಡಿಯಲ್ಲೇ ತಡೆದು, ವಾರಕ್ಕೆ ಎರಡು ಎಂಬ ಮಿತಿ ಹಾಕಿ.

ಲೇಖಕರಿಗೆ ಹೋಗುವ ಪತ್ರದಲ್ಲಿ ಮೂರು ಸಂಗತಿ ಸಾಕು: ಏನು ಕಂಡಿತು, ಎಲ್ಲಿ, ಮುಂದೇನು. ‘ಗುಣಮಟ್ಟ ಸಾಲದು’ ಎಂಬ ವಾಕ್ಯವನ್ನು ಎಲ್ಲ ಪತ್ರಗಳಿಂದ ಕಿತ್ತುಹಾಕಿ. ‘ನಾಲ್ಕನೇ ಪ್ಯಾರಾದ ಮೂರನೇ ಸಾಲು ತೆಗೆದು ಮತ್ತೆ ಕಳಿಸಿ’ ಎಂದರೆ ಲೇಖಕರು ಸಿಟ್ಟಾಗುವುದಿಲ್ಲ, ತಿದ್ದುತ್ತಾರೆ. ತಿದ್ದಲು ಮರಳಿಸುವುದು ಬೇರೆ, ಪೂರ್ತಿ ನಿರಾಕರಿಸುವುದು ಬೇರೆ. ಇಂಗ್ಲಿಷ್ ವಿಕಿಪೀಡಿಯಾದ ಹೊಸ ಕರಡುಗಳ ಪರಿಶೀಲನೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಬಟನ್‌ಗಳಿವೆ. ಪತ್ರಕ್ಕೆ ಪರಿಶೀಲಕರ ಹೆಸರು ಹಾಕಬಾರದು, ತಂಡದ ಹೆಸರು ಸಾಕು. ಒಪ್ಪದ ಲೇಖಕರಿಗೆ 14 ದಿನದಲ್ಲಿ ಮೇಲ್ಮನವಿ ಹಾಕಲು ಅವಕಾಶ ಇರಲಿ, ಅದನ್ನು ಮೊದಲು ಓದದೇ ಇದ್ದವರೇ ಓದಲಿ.

ತಿಂಗಳಿಗೊಮ್ಮೆ ಎರಡು ಕಟ್ಟು ಬರಹಗಳನ್ನು ಅಡ್ಮಿನ್‌ಗಳು ಪೂರ್ತಿ ಓದಬೇಕು. ಮೊದಲನೆಯದು ಮೇಲ್ಮನವಿಯಲ್ಲಿ ತೀರ್ಮಾನ ಬದಲಾದವು, ಇವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಎರಡನೆಯದು, ಯಾರ ತಕರಾರೂ ಇಲ್ಲದೆ ಪ್ರಕಟವಾದವುಗಳಿಂದ ಹಾಗೇ ಎತ್ತಿದ 50. ತಪ್ಪಾಗಿ ತಡೆದದ್ದಕ್ಕೆ ಲೇಖಕರು ದೂರುತ್ತಾರೆ. ತಪ್ಪಾಗಿ ಬಿಟ್ಟದ್ದಕ್ಕೆ ದೂರುವವರು ಸಾಮಾನ್ಯವಾಗಿ ಇರುವುದಿಲ್ಲ, ಫೋನ್ ನಂಬರ್ ಪ್ರಕಟವಾದವರಿಗೆ ಅದು ಪ್ರಕಟವಾದದ್ದೇ ಗೊತ್ತಿರುವುದಿಲ್ಲ. ಆ ಐವತ್ತರಲ್ಲಿ ಸಿಕ್ಕ ಪ್ರತಿಯೊಂದು ತಪ್ಪೂ ಮುಂದಿನ ತಿಂಗಳ ಒರೆಗಲ್ಲಿಗೆ ಸೇರುತ್ತದೆ. ಮಾದರಿ ಇಪ್ಪತ್ತರಲ್ಲಿ ಹಳತಾದ ಒಂದೆರಡನ್ನು ತೆಗೆದು ಅದೇ ಜಾಗಕ್ಕೆ ಇವನ್ನು ಇಡಬಹುದು, ಬರೆದವರ ಗುರುತು ಅಳಿಸಿದ ಮೇಲೆ.